ಭವಿಷ್ಯ ಹೇಳಿದವರ ಜಾತಕ

ನಮ್ಮ ಚಾನೆಲ್‌ನ ಡಿಜಿಟಲ್ ವಿಭಾಗದಲ್ಲಿ ಕೆಲಸ ಮಾಡೋ ಮಕ್ಕಳಿಗೆಲ್ಲ ಇಪ್ಪತ್ಮೂರು, ಇಪ್ಪತ್ನಾಲ್ಕು ವಯಸ್ಸು. ನಾನು ಅವರನ್ನು ಮಕ್ಕಳು ಅಂತಲೇ ಕರೆಯೋದು. ಅವರಿಗೆ ಅದು ಇಷ್ಟವಿಲ್ಲ ಅಂತ ಗೊತ್ತು. ಮೊನ್ನೆ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಅವರಲ್ಲೊಬ್ಬ ಹುಡುಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

"ಸರ್, ಬೇಜಾರು ಮಾಡ್ಕೋಬೇಡಿ. ಟಿ.ವಿ. ಇನ್ನು ಐದು ವರ್ಷ, ಅಷ್ಟೇ."

ನನಗೆ ಬೇಜಾರಾಗಲಿಲ್ಲ. ಈ ಮಾತನ್ನ ಹತ್ತು ವರ್ಷದಿಂದ ಕೇಳ್ತಾ ಇದೀನಿ. ನನಗೆ ವಿಚಿತ್ರ ಅನ್ನಿಸಿದ್ದು ಆಕೆ ಹೇಳಿದ ರೀತಿ. ನಾಳೆ ಮಂಗಳವಾರ ಅನ್ನೋ ಹಾಗೆ ಹೇಳಿದಳು. ಒಂದಿಷ್ಟೂ ಅನುಮಾನ ಇಲ್ಲ, ಒಂದಿಷ್ಟೂ ದುಃಖ ಇಲ್ಲ.

"ಐದೇ ವರ್ಷ ಅಂತ ಯಾರು ಹೇಳಿದ್ರಮ್ಮಾ?" ಅಂತ ಕೇಳಿದೆ.

"ಎಲ್ರೂ ಹೇಳ್ತಾರೆ ಸರ್."

ಎಲ್ಲರೂ ಹೇಳ್ತಾರೆ. ವೀಕ್ಷಕರೇ, ಇವತ್ತಿನ ನನ್ನ ಮಾತು ಪೂರ್ತಿ ಈ ಎರಡಕ್ಷರದ "ಎಲ್ರೂ" ಬಗ್ಗೆ. ಯಾಕೆ ಅಂದ್ರೆ 2000ನೇ ಇಸವಿಯಲ್ಲಿ, ನಾನಿನ್ನೂ ಒಂದು ಪತ್ರಿಕೆಯ ಸಣ್ಣ ವರದಿಗಾರನಾಗಿದ್ದಾಗ, ನಾನೂ ಆ "ಎಲ್ರೂ" ಒಳಗೆ ಒಬ್ಬನಾಗಿದ್ದೆ. ಇನ್ನೈದು ವರ್ಷದಲ್ಲಿ ಬೆಂಗಳೂರಿನ ಕಿರಾಣಿ ಅಂಗಡಿಗಳೆಲ್ಲ ಮುಚ್ಚಿ ಹೋಗ್ತವೆ, ಅಕ್ಕಿ ಬೇಳೆ ಎಲ್ಲ ಕಂಪ್ಯೂಟರಿನಲ್ಲೇ ಬರುತ್ತೆ ಅಂತ ಅರ್ಧ ಪುಟ ಬರೆದಿದ್ದೆ. ಆ ಬರಹಕ್ಕೆ ನಮ್ಮ ಬೀದಿಯ ಒಬ್ಬರು ಬೆಲೆ ತೆತ್ತರು. ಆ ಕಥೆಗೆ ಕೊನೆಯಲ್ಲಿ ಬರ್ತೀನಿ. ಮೊದಲು ಸ್ವಲ್ಪ ಇತಿಹಾಸ ನೋಡೋಣ.

ಈ ಇಂಟರ್ನೆಟ್ ಪೀಳಿಗೆ ವ್ಯಾಪಾರವನ್ನ ನೋಡೋ ಕಣ್ಣೇ ಬೇರೆ. ಅದಕ್ಕೆ ಕಾರಣವೂ ಇದೆ. ಅವರು ಬುದ್ಧಿ ಬಂದಾಗಿನಿಂದ ನೋಡಿದ್ದೇನು? ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಮಾಯವಾಯ್ತು. ಕ್ಯಾಸೆಟ್ ಅಂಗಡಿ ಮಾಯವಾಯ್ತು. ಸೈಬರ್ ಕೆಫೆ ಹುಟ್ಟಿ, ಬೆಳೆದು, ಅದೂ ಮಾಯವಾಯ್ತು. 2013ರ ಜುಲೈಯಲ್ಲಿ ನಮ್ಮ ಟೆಲಿಗ್ರಾಂ ಸೇವೆ ನಿಂತು ಹೋಯ್ತು. 2014ರಲ್ಲಿ ಆರ್ಕುಟ್ ಮುಚ್ಚಿತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಜಿಯೋ ಬಂದು ಡೇಟಾ ದರವನ್ನ ನೆಲಕ್ಕಿಳಿಸಿತು. ನಮ್ಮ ತಂದೆಯವರ ಕಾಲದಲ್ಲಿ ಅಂಗಡಿ ಅಂದ್ರೆ ತಲೆಮಾರಿನಿಂದ ತಲೆಮಾರಿಗೆ ಬರೋ ಆಸ್ತಿ. ಈ ಮಕ್ಕಳ ಕಣ್ಣಲ್ಲಿ ಯಾವ ವ್ಯಾಪಾರವೂ ಆಸ್ತಿಯಲ್ಲ, ಅದೊಂದು ಬಸ್ ನಿಲ್ದಾಣ. ಹತ್ತಬೇಕು, ಮುಂದಿನ ಸ್ಟಾಪಿನಲ್ಲಿ ಇಳೀಬೇಕು.

ಅದರಲ್ಲಿ ಒಳ್ಳೇದೂ ಇದೆ, ನಾನು ಒಪ್ಪಿಕೊಳ್ತೀನಿ. ನಮ್ಮ ಕಾಲದಲ್ಲಿ ವ್ಯಾಪಾರದಲ್ಲಿ ಸೋತವನು ದಿವಾಳಿ ಎದ್ದ ಅಂತ ಊರು ಬಿಡ್ತಿದ್ದ. ನೆಂಟರ ಮದುವೆಗೂ ಹೋಗ್ತಿರಲಿಲ್ಲ. ಇವತ್ತಿನ ಹುಡುಗ ಸ್ಟಾರ್ಟಪ್ ಮುಚ್ಚಿದ ಮಾರನೇ ದಿನ ಅದರ ಬಗ್ಗೆ ತಾನೇ ಬರೆದು ಹಾಕ್ತಾನೆ, ಮೂರನೇ ದಿನ ಇನ್ನೊಂದು ಶುರು ಮಾಡ್ತಾನೆ. ಸೋಲಿಗೆ ಹೆದರದ ಪೀಳಿಗೆ ಇದು. ಆದರೆ ಇವರಿಗೆ ಒಂದು ವಿಷಯದಲ್ಲಿ ಮಾತ್ರ ಅತಿ ನಂಬಿಕೆ. ಭವಿಷ್ಯದ ಮೇಲೆ. ಯಾರಾದರೂ ಒಬ್ಬರು ಮೈಕ್ ಹಿಡಿದು "ಮುಂದಿನ ಐದು ವರ್ಷದಲ್ಲಿ" ಅಂತ ಶುರು ಮಾಡಿದ್ರೆ ಸಾಕು, ಅದು ಆಗಲೇ ನಡೆದು ಹೋಗಿದೆ ಅನ್ನೋ ಹಾಗೆ ಕೇಳಿಸ್ಕೊಳ್ತಾರೆ. ಅದಕ್ಕೇ ನಾನು ಹಿಂದೆ ಭವಿಷ್ಯ ಹೇಳಿದವರ ಜಾತಕ ಬಿಡಿಸಿ ನೋಡೋಣ ಅಂತಿರೋದು.

1995ರ ಫೆಬ್ರುವರಿಗೆ ಬನ್ನಿ. ಅಮೆರಿಕದ ನ್ಯೂಸ್‌ವೀಕ್ ಪತ್ರಿಕೆಯಲ್ಲಿ ಕ್ಲಿಫರ್ಡ್ ಸ್ಟಾಲ್ ಅನ್ನೋರು ಒಂದು ಲೇಖನ ಬರೆದರು. ಇಂಟರ್ನೆಟ್ಟಿನಿಂದ ದಿನಪತ್ರಿಕೆಗೆ ಏನೂ ಆಗಲ್ಲ, ಪುಸ್ತಕವನ್ನ ಯಾರೂ ಅಲ್ಲಿಂದ ಕೊಳ್ಳಲ್ಲ, ಆನ್‌ಲೈನ್ ವ್ಯಾಪಾರ ಅನ್ನೋದು ಬರೀ ಮಾತು ಅನ್ನೋದು ಅದರ ಸಾರ. ಇವರು ಕಂಪ್ಯೂಟರ್ ಗೊತ್ತಿಲ್ಲದ ಅಜ್ಜ ಅಂದ್ಕೊಂಡ್ರಾ? ಅಲ್ಲ. ಖಗೋಳ ವಿಜ್ಞಾನಿ. 1986ರಲ್ಲಿ ಬರ್ಕ್ಲಿಯ ಲ್ಯಾಬಿನ ಕಂಪ್ಯೂಟರ್ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂದಿದ್ದನ್ನ ಹಿಡಿದು, ತಿಂಗಳುಗಟ್ಟಲೆ ಬೆನ್ನಟ್ಟಿ, ಜರ್ಮನಿಯಲ್ಲಿ ಕೂತಿದ್ದ ಹ್ಯಾಕರ್ ಒಬ್ಬನನ್ನ ಪತ್ತೆ ಹಚ್ಚಿದ ಮನುಷ್ಯ. ಇಂಟರ್ನೆಟ್ಟನ್ನ ಅವರಷ್ಟು ಹತ್ತಿರದಿಂದ ನೋಡಿದವರು ಆಗ ಪ್ರಪಂಚದಲ್ಲೇ ಕಡಿಮೆ.

ಅವರು ಕೊಟ್ಟ ಕಾರಣಗಳೂ ಪೊಳ್ಳಲ್ಲ. ದುಡ್ಡು ಕಳಿಸೋಕೆ ನಂಬಿಕೆಯ ದಾರಿ ಇಲ್ಲ ಅಂದ್ರು. ಎದುರಿಗೆ ನಿಂತು ಮಾತಾಡೋ ಸೇಲ್ಸ್‌ಮನ್ ಇಲ್ಲ ಅಂದ್ರು. ಬೇಕಾದ್ದು ಹುಡುಕೋಕೆ ಹೋದ್ರೆ ಬೇಡದ್ದೇ ಸಿಗುತ್ತೆ ಅಂದ್ರು. 1995ರಲ್ಲಿ ಮೂರೂ ನಿಜ. ಅವರು ಎಡವಿದ್ದು ಒಂದೇ ಕಡೆ. ಇವತ್ತು ಇಲ್ಲದ್ದು ಯಾವತ್ತೂ ಇರಲ್ಲ ಅಂದುಕೊಂಡರು. ಅವರು "ಇಲ್ಲ, ಇಲ್ಲ" ಅಂತ ಪಟ್ಟಿ ಮಾಡಿದ ಒಂದೊಂದು ಕೊರತೆಯನ್ನೂ ತುಂಬಿಸಿ ಬೇರೆಯವರು ಕಂಪನಿ ಕಟ್ಟಿದರು. ತಮಾಷೆ ಏನು ಗೊತ್ತಾ? ಅದೇ ಕ್ಲಿಫರ್ಡ್ ಸ್ಟಾಲ್ ಆಮೇಲೆ ಗಾಜಿನ ವಿಚಿತ್ರ ಬಾಟಲಿಗಳನ್ನ ಮಾರೋ ವ್ಯಾಪಾರ ಶುರು ಮಾಡಿದರು. ಎಲ್ಲಿ? ಇಂಟರ್ನೆಟ್ಟಿನಲ್ಲಿ. ನಾನು ತಪ್ಪಿದ್ದೆ ಅಂತ ಮುಕ್ತವಾಗಿ ಒಪ್ಪಿಕೊಂಡೂ ಇದ್ದಾರೆ. ಈ ಒಂದು ಗುಣಕ್ಕಾಗಿ ನನಗೆ ಆ ಮನುಷ್ಯನ ಮೇಲೆ ಗೌರವ.

ಅದೇ 1995ರ ಡಿಸೆಂಬರ್. ಇನ್ನೊಬ್ಬರು, ರಾಬರ್ಟ್ ಮೆಟ್ಕಾಫ್. ಕಂಪ್ಯೂಟರುಗಳನ್ನ ಒಂದಕ್ಕೊಂದು ಜೋಡಿಸೋ ಈಥರ್ನೆಟ್ ತಂತ್ರಜ್ಞಾನವನ್ನ ಕಂಡುಹಿಡಿದವರಲ್ಲಿ ಪ್ರಮುಖರು. ಅವರು ತಮ್ಮ ಅಂಕಣದಲ್ಲಿ, 1996ರಲ್ಲಿ ಇಂಟರ್ನೆಟ್ ಭಾರ ತಡೆಯದೆ ಕುಸಿದು ಬೀಳುತ್ತೆ ಅಂತ ಬರೆದರು. ಬೀಳದಿದ್ದರೆ ನನ್ನ ಮಾತು ನಾನೇ ತಿಂತೀನಿ ಅಂತ ಪಣವನ್ನೂ ಕಟ್ಟಿದರು. 1996 ಬಂತು, ಹೋಯ್ತು. ಇಂಟರ್ನೆಟ್ ನಿಂತೇ ಇತ್ತು. 1997ರಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ, ಮೊದಲು ಅಂಕಣದ ಹೆಸರಲ್ಲಿ ಕೇಕ್ ತಿಂದು ತಪ್ಪಿಸಿಕೊಳ್ಳೋಕೆ ನೋಡಿದರು. ಸಭೆ ಬಿಡಲಿಲ್ಲ. ಕೊನೆಗೆ ಆ ಅಂಕಣದ ಕಾಗದವನ್ನ ಮಿಕ್ಸಿಗೆ ಹಾಕಿ, ನೀರಿನ ಜೊತೆ ರುಬ್ಬಿ, ಎಲ್ಲರೆದುರು ಚಮಚದಲ್ಲಿ ತಿಂದರು. ನಮ್ಮ ಚುನಾವಣಾ ಸಮೀಕ್ಷೆಯವರಿಗೆ ಈ ನಿಯಮ ತಂದ್ರೆ ಹೇಗಿರುತ್ತೆ ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ. ಮೊದಲ ಮಿಕ್ಸಿ ನಮ್ಮ ಸ್ಟುಡಿಯೋಗೇ ಬೇಕಾಗುತ್ತೆ, ಅದು ಬೇರೆ ವಿಷಯ.

ಇವರಿಬ್ಬರೂ "ಆಗಲ್ಲ" ಅಂದವರು. ಇಂಟರ್ನೆಟ್ ಪೀಳಿಗೆಗೆ ಇಂಥ ಕಥೆಗಳು ತುಂಬಾ ಇಷ್ಟ. ಹಳಬರು ನಕ್ಕರು, ಹೊಸಬರು ಗೆದ್ದರು ಅನ್ನೋ ಕಥೆಗಳು. ಆದರೆ ಇದೇ ಇತಿಹಾಸಕ್ಕೆ ಇನ್ನೊಂದು ಅರ್ಧ ಇದೆ. "ಆಗೇ ಆಗುತ್ತೆ, ನಾಳೆ ಬೆಳಿಗ್ಗೇನೇ ಆಗುತ್ತೆ" ಅಂದವರ ಅರ್ಧ. ಅದನ್ನ ಯಾರೂ ರೀಲ್ಸ್ ಮಾಡಲ್ಲ.

ವೆಬ್‌ವ್ಯಾನ್ ಅನ್ನೋ ಹೆಸರು ಕೇಳಿದೀರಾ? ಕ್ಯಾಲಿಫೋರ್ನಿಯಾದ ಕಂಪನಿ. ಕಂಪ್ಯೂಟರಿನಲ್ಲಿ ಒತ್ತಿ, ನೀವು ಹೇಳಿದ ಅರ್ಧ ಗಂಟೆಯ ಅವಧಿಯೊಳಗೆ ತರಕಾರಿ, ಹಾಲು, ಬ್ರೆಡ್ ಮನೆ ಬಾಗಿಲಿಗೆ ಬರುತ್ತೆ ಅಂತ ಹೇಳಿ 1999ರಲ್ಲಿ ಷೇರು ಮಾರುಕಟ್ಟೆಗೆ ಇಳಿಯಿತು. ಜನ ಮುಗಿಬಿದ್ದು ದುಡ್ಡು ಹಾಕಿದರು. ದೊಡ್ಡ ದೊಡ್ಡ ಯಾಂತ್ರಿಕ ಗೋದಾಮುಗಳನ್ನ ಕಟ್ಟೋಕೆ ನೂರು ಕೋಟಿ ಡಾಲರಿನ ಕರಾರು ಮಾಡಿಕೊಂಡಿತು. 2001ರ ಜುಲೈಯಲ್ಲಿ ದಿವಾಳಿ. ಪೆಟ್ಸ್ ಡಾಟ್ ಕಾಮ್ ಅಂತ ಇನ್ನೊಂದು. ನಾಯಿ ಬೆಕ್ಕಿನ ಆಹಾರ ಮಾರೋ ಕಂಪನಿ. 2000ದ ಫೆಬ್ರುವರಿಯಲ್ಲಿ ಷೇರು ಮಾರಿ ಎಂಟು ಕೋಟಿಗೂ ಹೆಚ್ಚು ಡಾಲರ್ ಎತ್ತಿತು. ಅದೇ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಒಂಬತ್ತು ತಿಂಗಳು, ಸ್ವಾಮಿ! ಒಂದು ಮಗು ಹುಟ್ಟೋ ಅಷ್ಟು ಕಾಲದಲ್ಲಿ ಒಂದು ಕಂಪನಿ ಸತ್ತಿತ್ತು.

2000ದ ಮಾರ್ಚ್ 10ರಂದು ಅಮೆರಿಕದ ನಾಸ್ಡಾಕ್ ಸೂಚ್ಯಂಕ 5,048ಕ್ಕೆ ಏರಿ ನಿಂತಿತ್ತು. 2002ರ ಅಕ್ಟೋಬರ್‌ಗೆ 1,114ಕ್ಕೆ ಬಂತು. ನೂರು ರೂಪಾಯಿ ಹಾಕಿದವನ ಕೈಯಲ್ಲಿ ಇಪ್ಪತ್ತೆರಡು ರೂಪಾಯಿ ಉಳೀತು ಅಂತ ಲೆಕ್ಕ. ಆ ಹಳೇ ಎತ್ತರಕ್ಕೆ ಸೂಚ್ಯಂಕ ಮತ್ತೆ ಮುಟ್ಟಿದ್ದು ಯಾವಾಗ ಗೊತ್ತಾ? 2015ರಲ್ಲಿ. ಹದಿನೈದು ವರ್ಷ ಆದಮೇಲೆ. ನಲವತ್ತೈದನೇ ವಯಸ್ಸಲ್ಲಿ ಮಗಳ ಮದುವೆಗೆ ಅಂತ ದುಡ್ಡು ಹಾಕಿದವನಿಗೆ ಅರವತ್ತಾಗಿತ್ತು. ಇದೇ ಕುಸಿತದಲ್ಲಿ ಅಮೆಜಾನ್ ಷೇರು ಕೂಡ ನೂರು ಡಾಲರಿಗಿಂತ ಮೇಲಿದ್ದದ್ದು ಆರು ಡಾಲರಿನ ಕೆಳಗೆ ಬಂದಿತ್ತು. ಇವತ್ತು ನಾವು ಅಮೆಜಾನ್ ಕಥೆಯನ್ನ ಗೆಲುವಿನ ಕಥೆ ಅಂತ ಹೇಳ್ತೀವಿ. 2001ರಲ್ಲಿ ಅದನ್ನ ವೆಬ್‌ವ್ಯಾನ್‌ನಿಂದ ಬೇರೆ ಮಾಡಿ ಗುರುತಿಸೋದು ಅಷ್ಟು ಸುಲಭ ಇರಲಿಲ್ಲ.

ಈಗ ಯೋಚನೆ ಮಾಡಿ. ವೆಬ್‌ವ್ಯಾನ್ ಹೇಳಿದ ಭವಿಷ್ಯ ಸುಳ್ಳಾಯ್ತಾ? ಇವತ್ತು ಬೆಂಗಳೂರಿನಲ್ಲಿ ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಮನೆಗೆ ಬರ್ತಾ ಇದೆ. ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ತರಿಸಿಕೊಳ್ಳೋರಿದ್ದಾರೆ. ಅವರು ಏನಾಗುತ್ತೆ ಅಂತ ಹೇಳಿದ್ದು ಸರಿ. ಯಾವಾಗ ಆಗುತ್ತೆ ಅಂದಿದ್ದು ತಪ್ಪು. ಆ "ಯಾವಾಗ" ಅನ್ನೋ ಒಂದು ಪದದೊಳಗೆ ಸಾವಿರಾರು ಜನರ ಉಳಿತಾಯ ಮುಳುಗಿ ಹೋಯ್ತು.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮೂರಿನದೇ ಕಥೆ ಇದೆ. 1999ರಲ್ಲಿ ಬೆಂಗಳೂರಿನಲ್ಲಿ ಆರು ಜನ ಸೇರಿ ಫ್ಯಾಬ್‌ಮಾರ್ಟ್ ಅನ್ನೋ ಆನ್‌ಲೈನ್ ಅಂಗಡಿ ತೆರೆದರು. ನೆನಪು ಮಾಡ್ಕೊಳ್ಳಿ, ಆಗ ಮನೆಯಲ್ಲಿ ಇಂಟರ್ನೆಟ್ ಅಂದ್ರೆ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ಅದು ಕೀಚು ಕೀಚು ಅಂತ ಕೂಗಿ, ಅರ್ಧದಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಕಟ್ ಆಗೋ ಕಾಲ. ಕ್ರೆಡಿಟ್ ಕಾರ್ಡ್ ಇದ್ದವರು ಬೆರಳೆಣಿಕೆ. ಇದ್ದವರಿಗೂ ನಂಬರ್ ಟೈಪ್ ಮಾಡೋಕೆ ಭಯ. ಅಂಥ ಕಾಲದಲ್ಲಿ ಅವರು ಇಂಟರ್ನೆಟ್ಟಿನಲ್ಲಿ ಸಿ.ಡಿ., ಪುಸ್ತಕ ಮಾರಿದರು, ಆಮೇಲೆ ದಿನಸಿಗೂ ಕೈಹಾಕಿದರು. ಹೊಟ್ಟೆ ತುಂಬಲಿಲ್ಲ. ಕೊನೆಗೆ ಏನು ಮಾಡಿದರು? ಇಟ್ಟಿಗೆ ಗೋಡೆಯ, ಶಟರ್ ಇರೋ ನಿಜವಾದ ಅಂಗಡಿಗಳನ್ನೇ ತೆರೆದರು. ಅವು ಮುಂದೆ ಕೈ ಬದಲಾಯಿಸಿ ಬಿರ್ಲಾ ಸಮೂಹದ ಪಾಲಾದವು. ಆನ್‌ಲೈನ್ ಭಾಗವನ್ನ ಕೆ. ವೈತೀಶ್ವರನ್ ಇಂಡಿಯಾಪ್ಲಾಜಾ ಅನ್ನೋ ಹೆಸರಲ್ಲಿ ಬಹಳ ವರ್ಷ ಎಳೆದರು. 2013ರಲ್ಲಿ ಅದೂ ಮುಚ್ಚಿತು.

ಕಥೆ ಮುಗೀತು ಅಂದ್ಕೊಂಡ್ರಾ? ಅದೇ ಫ್ಯಾಬ್‌ಮಾರ್ಟ್ ತಂಡದ ಹರಿ ಮೆನನ್, ವಿ.ಎಸ್. ಸುಧಾಕರ್ ಮತ್ತಿತರರು 2011ರಲ್ಲಿ ಬೆಂಗಳೂರಿನಲ್ಲೇ ಮತ್ತೊಂದು ಸಲ ಆನ್‌ಲೈನ್ ದಿನಸಿ ಶುರು ಮಾಡಿದರು. ಬಿಗ್‌ಬಾಸ್ಕೆಟ್. 2021ರಲ್ಲಿ ಟಾಟಾ ಸಮೂಹ ಅದರ ಬಹುಪಾಲು ಕೊಂಡುಕೊಂಡಿತು. ಅದೇ ಊರು, ಅದೇ ಜನ, ಅದೇ ಯೋಚನೆ. ನಡುವೆ ಹನ್ನೆರಡು ವರ್ಷ. ಆ ಹನ್ನೆರಡು ವರ್ಷದಲ್ಲಿ ಜನರ ಕೈಗೆ ಮೊಬೈಲ್ ಬಂತು, ಬ್ಯಾಂಕು ಮೊಬೈಲಿನೊಳಗೆ ಬಂತು, ಅಪರಿಚಿತನೊಬ್ಬ ಗೇಟಿನ ಹತ್ರ ಬಂದ್ರೆ ಡೆಲಿವರಿ ಹುಡುಗ ಇರಬೇಕು ಅಂದ್ಕೊಳ್ಳೋ ಅಭ್ಯಾಸ ಬಂತು.

ನಡುವಿನ 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಅನ್ನೋ ಇಬ್ಬರು ಕೋರಮಂಗಲದ ಅಪಾರ್ಟ್‌ಮೆಂಟಿನಲ್ಲಿ ಫ್ಲಿಪ್‌ಕಾರ್ಟ್ ಶುರು ಮಾಡಿದ್ದು, ಪುಸ್ತಕ ಮಾರೋದರಿಂದ. 2010ರ ಹೊತ್ತಿಗೆ ಅವರೊಂದು ಹಳೇ ಪದ್ಧತಿಯನ್ನ ಹಿಡಿದರು. ವಸ್ತು ಮೊದಲು ಕೈಗೆ, ದುಡ್ಡು ಆಮೇಲೆ. ಅಂಚೆ ಇಲಾಖೆಯ ವಿ.ಪಿ.ಪಿ. ನೆನಪಿದೆಯಾ? ನಮ್ಮಪ್ಪ ಪಂಚಾಂಗ ತರಿಸ್ತಿದ್ದದ್ದು ಹಾಗೇ. ಅಮೆರಿಕದ ಮಾದರಿಯನ್ನ ಭಾರತದಲ್ಲಿ ನಡೆಸೋಕೆ ಅಂಚೆಯಣ್ಣನ ಹಳೇ ವಿದ್ಯೆ ಬೇಕಾಯ್ತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಆ ಕಂಪನಿಯ ನೂರಕ್ಕೆ 77 ಪಾಲು ತಗೊಂಡಿತು.

ಹಾಗಾದ್ರೆ 2000ದಲ್ಲಿ ಮುಳುಗಿದ ದುಡ್ಡೆಲ್ಲ ವ್ಯರ್ಥವಾ? ಇಲ್ಲೊಂದು ಸ್ವಾರಸ್ಯ ಇದೆ. ಅದಕ್ಕೆ ಇನ್ನೂ ಹಿಂದೆ ಹೋಗಬೇಕು. 1840ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೈಲಿನ ಹುಚ್ಚು ಹಿಡಿದಿತ್ತು. 1846 ಒಂದೇ ವರ್ಷ ಅಲ್ಲಿನ ಸಂಸತ್ತು 272 ರೈಲ್ವೆ ಕಾಯ್ದೆಗಳನ್ನ ಪಾಸು ಮಾಡಿತು. ಪಾದ್ರಿಗಳು, ವಿಧವೆಯರು, ಮೇಷ್ಟ್ರುಗಳು ಷೇರು ಕೊಂಡರು. ಕಾದಂಬರಿಗಾರ್ತಿಯರಾದ ಬ್ರಾಂಟೆ ಸಹೋದರಿಯರೂ ಕೊಂಡಿದ್ದರು. ಆಮೇಲೆ ಬೆಲೆ ಬಿತ್ತು, ಮನೆಗಳು ಹಾಳಾದವು. ಒಪ್ಪಿಗೆ ಸಿಕ್ಕ ಹಾದಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕಟ್ಟಲೇ ಇಲ್ಲ. ಆದರೆ ಕಟ್ಟಿದ ಹಳಿಗಳು ಅಲ್ಲೇ ಉಳಿದವು. ಅದರ ಮೇಲೆ ಆ ದೇಶ ನೂರಕ್ಕೂ ಹೆಚ್ಚು ವರ್ಷ ಓಡಾಡಿತು.

ಡಾಟ್ ಕಾಮ್ ಹುಚ್ಚಿನಲ್ಲೂ ಹಾಗೇ. ಸಮುದ್ರದ ತಳದಲ್ಲಿ ಸಾವಿರಾರು ಕಿಲೋಮೀಟರ್ ಕೇಬಲ್ ಹಾಸಿದರು. ಹಾಸಿದ ಕಂಪನಿಗಳು ದಿವಾಳಿಯಾದವು ಅಥವಾ ಕೈಚೆಲ್ಲಿದವು. ಟೈಕೋ ಕಂಪನಿ ನೂರಾರು ಕೋಟಿ ಡಾಲರ್ ಸುರಿದು ಕಟ್ಟಿದ ಜಾಲವನ್ನ ಟಾಟಾ ಕೈಗೆ ಬಂದಿದ್ದ ನಮ್ಮ ವಿಎಸ್‌ಎನ್‌ಎಲ್ 2004ರಲ್ಲಿ ಬರೀ 13 ಕೋಟಿ ಡಾಲರಿಗೆ ಖರೀದಿಗೆ ಕುದುರಿಸಿಕೊಂಡಿತು. ದಿವಾಳಿಯಾಗಿದ್ದ ಫ್ಲ್ಯಾಗ್ ಕಂಪನಿಯ ಕೇಬಲ್‌ಗಳು ಸುಮಾರು 21 ಕೋಟಿ ಡಾಲರಿಗೆ ರಿಲಯನ್ಸ್ ಪಾಲಾದವು. ಹೀಗೆ ಅಗ್ಗವಾದ ತಂತಿಗಳ ಮೇಲೆ ಬೆಂಗಳೂರಿನ ಕಾಲ್ ಸೆಂಟರು, ಸಾಫ್ಟ್‌ವೇರ್ ಕಂಪನಿಗಳು ಅಮೆರಿಕದ ಜೊತೆ ಮಾತಾಡಿದವು. ನಿಮ್ಮ ಮನೆಯ ಮಗನೋ ಸೊಸೆಯೋ ಆ ವರ್ಷಗಳಲ್ಲಿ ರಾತ್ರಿ ಪಾಳಿ ಮಾಡಿ ಸೈಟು ತಗೊಂಡಿದ್ದರೆ, ಅದರಲ್ಲಿ ಎಲ್ಲೋ ಒಬ್ಬ ಅಮೆರಿಕನ್ ಕಳಕೊಂಡ ದುಡ್ಡೂ ಸ್ವಲ್ಪ ಇದೆ. ಕಳಕೊಂಡವನು ಒಬ್ಬ, ಪಡಕೊಂಡವನು ಇನ್ನೊಬ್ಬ. ಇತಿಹಾಸ ಇಬ್ಬರನ್ನೂ ಸೇರಿಸಿ "ಪ್ರಗತಿ" ಅಂತ ಒಂದೇ ಹೆಸರಲ್ಲಿ ಬರೆಯುತ್ತೆ. ಕಳಕೊಂಡವನಿಗೆ ಆ ಪದ ಓದಿ ಸಮಾಧಾನ ಆಗುತ್ತಾ?

ಅಮೆರಿಕದಲ್ಲಿ ರಾಯ್ ಅಮಾರಾ ಅಂತ ಒಬ್ಬರು ಸಂಶೋಧಕರಿದ್ದರು. ಭವಿಷ್ಯದ ಅಧ್ಯಯನವೇ ಅವರ ಕೆಲಸ. ಹೊಸ ತಂತ್ರಜ್ಞಾನ ಸದ್ಯಕ್ಕೆ ಏನು ಮಾಡುತ್ತೆ ಅನ್ನೋದನ್ನ ನಾವು ಜಾಸ್ತಿ ಅಂದಾಜು ಮಾಡ್ತೀವಿ, ಬಹಳ ಕಾಲದ ಮೇಲೆ ಏನು ಮಾಡುತ್ತೆ ಅನ್ನೋದನ್ನ ಕಡಿಮೆ ಅಂದಾಜು ಮಾಡ್ತೀವಿ ಅನ್ನೋದು ಅವರು ಕಂಡುಕೊಂಡ ಸಂಗತಿ. ಆ ಎರಡರ ಮಧ್ಯದ ಕಾಲ ಇದೆಯಲ್ಲ, ನಮ್ಮ ನಿಮ್ಮಂಥವರು ಬದುಕೋದು ಅಲ್ಲೇ. ಬಾಡಿಗೆ ಕಟ್ಟೋದು, ಸಾಲ ತೀರಿಸೋದು, ಮಕ್ಕಳ ಫೀಸು ತುಂಬೋದು ಎಲ್ಲ ಅಲ್ಲೇ.

ಇಂಟರ್ನೆಟ್ ಪೀಳಿಗೆ ಕೂಡ ಇದರ ಪೆಟ್ಟು ತಿಂದಿಲ್ಲ ಅಂತಲ್ಲ. 2021ರಲ್ಲಿ ಟ್ವಿಟರಿನ ಮೊಟ್ಟಮೊದಲ ಟ್ವೀಟನ್ನ ಡಿಜಿಟಲ್ ಸ್ವತ್ತು ಅಂತ 29 ಲಕ್ಷ ಡಾಲರಿಗೆ ಕೊಂಡವರಿದ್ದರು. ಮುಂದಿನ ವರ್ಷ ಹರಾಜಿಗಿಟ್ಟಾಗ ಬಂದ ಕೂಗು ಕೆಲವೇ ನೂರು ಡಾಲರ್. ಅದೇ 2021ರಲ್ಲಿ ಫೇಸ್‌ಬುಕ್ ತನ್ನ ಹೆಸರನ್ನೇ ಮೆಟಾ ಅಂತ ಬದಲಾಯಿಸಿತು, ಇನ್ನು ನಾವೆಲ್ಲ ಕನ್ನಡಕ ಹಾಕ್ಕೊಂಡು ಮಾಯಾಲೋಕದಲ್ಲೇ ಆಫೀಸು ಮಾಡ್ತೀವಿ ಅನ್ನೋ ಗದ್ದಲ ಎದ್ದಿತು. ನಾವಿನ್ನೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ನಿಂತಿದೀವಿ. ಕೋವಿಡ್ ಕಾಲದಲ್ಲಿ, ಶಾಲೆ ಅನ್ನೋದೇ ಇನ್ನು ಮೊಬೈಲಿಗೆ ಹೋಯ್ತು ಅಂದರು. ನಮ್ಮೂರಿನ ಬೈಜೂಸ್ ಕಂಪನಿಗೆ 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2024ರಲ್ಲಿ ಅದು ದಿವಾಳಿ ಪ್ರಕ್ರಿಯೆಯ ಕಟಕಟೆಯಲ್ಲಿತ್ತು.

ಇನ್ನೊಂದು ಸಂಗತಿ. 2020ರ ಜೂನ್ 29ರ ರಾತ್ರಿ ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನ ನಿಷೇಧಿಸಿತು. ಟಿಕ್‌ಟಾಕ್ ನಂಬಿ ಬದುಕು ಕಟ್ಟಿಕೊಂಡಿದ್ದ ಹಳ್ಳಿ ಹುಡುಗ ಹುಡುಗಿಯರು ಬೆಳಗಾಗೋದ್ರೊಳಗೆ ಬರಿಗೈ. ಯಾವ ಭವಿಷ್ಯಕಾರನೂ ಇದನ್ನ ಹೇಳಿರಲಿಲ್ಲ. ವ್ಯಾಪಾರವನ್ನ ಬದಲಾಯಿಸೋದು ತಂತ್ರಜ್ಞಾನ ಒಂದೇ ಅಲ್ಲ. ಒಂದು ಆದೇಶ, ಒಂದು ರೋಗ, ಒಂದು ಗಡಿ ಜಗಳ ಸಾಕು.

ಈಗ ಕಿರಾಣಿ ಅಂಗಡಿಗೆ ಬರ್ತೀನಿ.

ನಾನು ಆಗ ಹನುಮಂತನಗರದಲ್ಲಿ ಬಾಡಿಗೆಗಿದ್ದೆ. ಬೀದಿ ತಿರುವಿನಲ್ಲಿ ಶೆಟ್ಟರ ಅಂಗಡಿ. ನನ್ನ ಲೇಖನ ಅಚ್ಚಾದ ದಿನ ಸಂಜೆ ಸಕ್ಕರೆ ತರೋಕೆ ಹೋದೆ. ಶೆಟ್ಟರು ತಕ್ಕಡಿಗೆ ಸಕ್ಕರೆ ಸುರಿಯುತ್ತಾ, "ಏನ್ ಸ್ವಾಮಿ, ನಮ್ ಅಂಗಡಿಗೆ ದಿನ ಎಣಿಸ್ತಿದೀರಂತೆ?" ಅಂದ್ರು. ನಗ್ತಾನೇ ಅಂದ್ರು. ನಾನೂ ನಕ್ಕೆ. ಪತ್ರಿಕೆ ಓದ್ತಾರಲ್ಲ ಅಂತ ಹೆಮ್ಮೆಯೂ ಆಯ್ತು ಅಂತ ಕಾಣುತ್ತೆ.

ಬಹಳ ವರ್ಷ ಆದಮೇಲೆ, ನಾನು ಟಿ.ವಿ.ಗೆ ಬಂದು ಮುಖ ಪರಿಚಯ ಆದಮೇಲೆ, ಆ ಕಡೆ ಹೋದಾಗ ಅವರೇ ಹೇಳಿದರು. ಆಗ ಪಕ್ಕದ ಮಳಿಗೆ ಖಾಲಿಯಾಗಿತ್ತಂತೆ. ಅದನ್ನೂ ಹಿಡಿದು, ಗೋಡೆ ಒಡೆದು, ಅಂಗಡಿ ದೊಡ್ಡದು ಮಾಡಬೇಕು ಅಂತ ಮುಂಗಡ ಕೂಡ ಹೊಂದಿಸಿದ್ದರಂತೆ. ಮನೆಯಲ್ಲಿ ಮಗ ನನ್ನ ಲೇಖನ ಓದಿ ಹೇಳಿದ. ಐದು ವರ್ಷಕ್ಕೆ ಮುಚ್ಚೋ ಅಂಗಡಿಗೆ ಯಾಕೆ ಸಾಲ ಅಂತ ಬಿಟ್ಟುಬಿಟ್ಟರು. ಆ ಮಳಿಗೆಯಲ್ಲಿ ಒಂದು ಬೇಕರಿ ಬಂತು. ಆ ಬೇಕರಿಯವರು ಅದೇ ಬೀದಿಯಲ್ಲಿ ಮನೆ ಕಟ್ಟಿಸಿದರು. ಶೆಟ್ಟರು ಇವತ್ತಿಗೂ ಬಾಡಿಗೆ ಮನೆಯಲ್ಲೇ ಇದ್ದಾರೆ.

ಅವರು ಇದನ್ನ ದೂರಿನ ಹಾಗೆ ಹೇಳಲಿಲ್ಲ. "ನೀವು ಸುಳ್ಳೇನೂ ಬರ್ದಿಲ್ಲ ಬಿಡಿ ಸ್ವಾಮಿ, ಈಗ ಬಂತಲ್ಲ ಹತ್ತು ನಿಮಿಷದ್ದು" ಅಂದ್ರು. ಅದು ನನಗೆ ಇನ್ನೂ ಚುಚ್ಚಿತು. ನಾನು ಹೇಳಿದ್ದು ನಿಜ ಆಗೋಕೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹಿಡೀತು. ಆ ಇಪ್ಪತ್ತು ವರ್ಷ ಆ ಬೀದಿಯಲ್ಲಿ ಕಿರಾಣಿ ವ್ಯಾಪಾರ ಚೆನ್ನಾಗೇ ನಡೀತು. ಆ ವರ್ಷಗಳ ಸಂಪಾದನೆಯ ಒಂದು ಭಾಗ, ನಾನು ಅರ್ಧ ಪುಟದಲ್ಲಿ ಅವರಿಂದ ಕಿತ್ತುಕೊಂಡೆ. ನನಗೆ ಆ ಲೇಖನಕ್ಕೆ ಶಭಾಷ್‌ಗಿರಿ ಸಿಕ್ಕಿತ್ತು.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ಗಲ್ಲಾದ ಮೇಲೆ ಕ್ಯುಆರ್ ಕೋಡ್, ದುಡ್ಡು ಬಂದಾಗಲೆಲ್ಲ ಕೂಗೋ ಡಬ್ಬಿ. ವ್ಯಾಪಾರ ಮೊದಲಿನ ಹಾಗಿಲ್ಲ ಅಂತ ಮಗ ಹೇಳಿದರು. ತಿಂಗಳ ಸಾಮಾನಿನ ದೊಡ್ಡ ಚೀಟಿಗಳು ನಿಂತು ಹೋಗಿವೆ, ಬಿಡಿ ಸಾಮಾನು ಮಾತ್ರ ಹೋಗ್ತಿದೆ. ಮೊಮ್ಮಗ, ಇಪ್ಪತ್ತೆರಡರ ಹುಡುಗ, ನೇರವಾಗಿ ಹೇಳಿದ: "ತಾತ, ಮುಚ್ಚೋಣ. ಇನ್ನು ಮೂರು ವರ್ಷದಲ್ಲಿ ಕಿರಾಣಿನೇ ಇರಲ್ಲ." ಅದೇ ದನಿ. ನಾಳೆ ಮಂಗಳವಾರ ಅನ್ನೋ ದನಿ. ಮಗ ನನ್ನ ಕಡೆ ತಿರುಗಿ, "ಸರ್, ನೀವು ಎಲ್ಲ ನೋಡ್ತಿರ್ತೀರ. ನೀವೇ ಹೇಳಿ, ಮುಚ್ಬೇಕಾ?" ಅಂದ್ರು.

ದಿನಾ ರಾತ್ರಿ ಒಂಬತ್ತಕ್ಕೆ ಯಾವ ಸರ್ಕಾರ ಬೀಳುತ್ತೆ, ಯಾವ ಪಕ್ಷ ಗೆಲ್ಲುತ್ತೆ ಅಂತ ಪಟಪಟ ಹೇಳೋ ನನ್ನ ಬಾಯಿಗೆ ಅಲ್ಲಿ ಮಾತೇ ಬರಲಿಲ್ಲ. ಕೊನೆಗೆ ಮೊಮ್ಮಗನಿಗೆ ಮೂರು ಪ್ರಶ್ನೆ ಕೇಳಿದೆ. ಮುಚ್ಚುತ್ತೆ ಅಂತ ಹೇಳ್ತಿರೋರು ಯಾರು? ಮೂರೇ ವರ್ಷ ಅನ್ನೋದಕ್ಕೆ ಲೆಕ್ಕ ಏನು? ಆ ಲೆಕ್ಕ ತಪ್ಪಿದ್ರೆ ದುಡ್ಡು ಹೋಗೋದು ಅವರದಾ, ನಿಮ್ಮದಾ? ಹುಡುಗ ಜಾಣ. ವಾದ ಮಾಡಲಿಲ್ಲ. ಅಪ್ಪನ ಹತ್ರ ಲೆಕ್ಕದ ಪುಸ್ತಕ ಇಸ್ಕೊಂಡ. ಎರಡು ವರ್ಷದಲ್ಲಿ ಯಾವ ಸಾಮಾನು ಎಷ್ಟು ಇಳಿದಿದೆ, ಯಾವುದು ಇಳಿದಿಲ್ಲ ಅಂತ ಮೊಬೈಲಿನಲ್ಲೇ ಪಟ್ಟಿ ಮಾಡೋಕೆ ಕೂತ. ಈ ಪೀಳಿಗೆಯ ಶಕ್ತಿ ಇರೋದು ಇಲ್ಲೇ. ನಾನು 2000ದಲ್ಲಿ ಲೇಖನ ಬರೆಯುವಾಗ ಒಂದೇ ಒಂದು ಅಂಗಡಿಯ ಲೆಕ್ಕದ ಪುಸ್ತಕ ತೆರೆದು ನೋಡಿರಲಿಲ್ಲ.

ಆಮೇಲೆ ಸುದ್ದಿ ಬಂತು. ಅಂಗಡಿ ಮುಚ್ಚಿಲ್ಲ. ದೊಡ್ಡದೂ ಮಾಡಿಲ್ಲ. ಬಾಡಿಗೆ ಕರಾರನ್ನ ಮತ್ತೆ ಹನ್ನೊಂದು ತಿಂಗಳಿಗೆ ಮಾತ್ರ ಬರೆಸಿದ್ದಾರಂತೆ. ಪೂಜೆ ಸಾಮಾನು, ಗಿರಣಿ ಹಿಟ್ಟು, ಬಿಡಿ ಮಸಾಲೆ ಇಳಿದಿಲ್ಲ ಅಂತ ಪಟ್ಟಿಯಲ್ಲಿ ಕಂಡಿದ್ದರಿಂದ ಅದನ್ನ ಹೆಚ್ಚು ಮಾಡ್ತಾರಂತೆ. ಅದು ಸರಿಯೋ ತಪ್ಪೋ ಹನ್ನೊಂದು ತಿಂಗಳಿಗೆ ಗೊತ್ತಾಗುತ್ತೆ. ತಪ್ಪಾದ್ರೆ ಹೋಗೋದು ಹನ್ನೊಂದು ತಿಂಗಳ ಬಾಡಿಗೆ. ಇಪ್ಪತ್ತು ವರ್ಷದ ಬದುಕಲ್ಲ.

ನಮ್ಮ ಆಫೀಸಿನ ಹುಡುಗಿಗೂ ಒಂದು ಕೆಲಸ ಕೊಟ್ಟೆ. ಟಿ.ವಿ. ಐದು ವರ್ಷ ಅಂದ್ಯಲ್ಲಮ್ಮಾ, ಕಾಗದದ ಮೇಲೆ ಬರಿ, ತಾರೀಖು ಹಾಕು, ಸಹಿ ಮಾಡು ಅಂದೆ. ನಕ್ಕಳು, ಆದರೆ ಬರೆದಳು. "ನಿಮ್ದೂ ಬರೀರಿ ಸರ್" ಅಂತ ಪೆನ್ನು ನನ್ನ ಕೈಗೆ ಕೊಟ್ಟಳು. ಹತ್ತು ವರ್ಷ ಅಂತ ಬರೆಯೋಕೆ ಹೋದೆ, ಹೊಡೆದು ಹಾಕಿದೆ. ಹದಿನೈದು ಅಂತ ಬರೆದೆ, ಅದನ್ನೂ ಹೊಡೆದೆ. ಇಡೀ ರಾಜ್ಯಕ್ಕೆ ಕೇಳೋ ಹಾಗೆ ಭವಿಷ್ಯ ಹೇಳೋದು ಸುಲಭ ವೀಕ್ಷಕರೇ. ಕೆಳಗೆ ಸಹಿ ಹಾಕೋದು ಕಷ್ಟ. ಆ ಕಾಗದ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅವಳ ಸಹಿ ಇದೆ. ನನ್ನ ಜಾಗ ಇನ್ನೂ ಖಾಲಿ ಇದೆ.